ಮರಳುಬಣ್ಣದ ಪತಂಗ, ಮೂರು ಊರು

ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದದ್ದು 2019ರ ಏಪ್ರಿಲ್ 1ರಂದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು, ಮೂರನೆಯ ಸಯಾಜಿರಾವ್ ಗಾಯಕವಾಡರು 1908ರಲ್ಲಿ ಕಟ್ಟಿದ ಬ್ಯಾಂಕಿನೊಳಗೆ ಸೇರಿಹೋಯಿತು. ಆ ಸುದ್ದಿ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬಂತು. ಅದರ ಬೆನ್ನಿಗೆ ಕೆಲವು ಕನ್ನಡ ಮನೆಗಳಲ್ಲಿ ಗಂಟುಮೂಟೆ ಕಟ್ಟುವ ಕೆಲಸ ಶುರುವಾದದ್ದು ಯಾವ ಪುಟದಲ್ಲೂ ಬರಲಿಲ್ಲ. ಹಾವೇರಿ ಜಿಲ್ಲೆಯ ಹತ್ತಿ ಬೆಳೆಗಾರರ ಮನೆಯಿಂದ ಬಂದ ಒಬ್ಬ ಅಧಿಕಾರಿಗೆ ಮೊದಲು ಅಹಮದಾಬಾದ್, ಆಮೇಲೆ ವಡೋದರಾ, ಕೊನೆಗೆ ಸುರತ್ ಎಂದು ವರ್ಗವಾಯಿತು. ಆ ಓಡಾಟದಲ್ಲಿ ಅವರಿಗೆ ದಕ್ಕಿದ್ದು ಒಂದು ಪತಂಗ. ಅದರ ಕತೆಯನ್ನು ಅವರು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ.

ಅಹಮದಾಬಾದಿನ ಮನೆ ಇದ್ದದ್ದು ನಗರದ ಪಶ್ಚಿಮ ಅಂಚಿನ ಬೋಪಲ್‌ನಲ್ಲಿ. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಖಾಲಿ ಸೈಟುಗಳು, ಅವುಗಳ ತುಂಬ ಅಲ್ಲಿನವರ ಗಾಂಡೋ ಬಾವಳ, ಅಂದರೆ ನಮ್ಮ ಬಳ್ಳಾರಿ ಜಾಲಿ. ವಾಯವ್ಯಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಕಛ್‌ನ ಚಿಕ್ಕ ರಣ್, ಕಾಡುಕತ್ತೆಗಳ ಉಪ್ಪುನೆಲ. ಬೇಸಗೆಯಲ್ಲಿ ಆ ಕಡೆಯಿಂದ ಬೀಸುವ ಗಾಳಿಗೆ ಕಿಟಕಿ ಮುಚ್ಚಿದರೂ ನೆಲದ ಮೇಲೆ ಧೂಳು ಕೂರುತ್ತದೆ. 2016ರ ಮೇ 20ರಂದು ಆ ಊರಿನಲ್ಲಿ 48 ಡಿಗ್ರಿ ದಾಖಲಾದದ್ದನ್ನು ಅಲ್ಲಿನ ರಿಕ್ಷಾದವರು ಹೆಮ್ಮೆಯೋ ದೂರೋ ತಿಳಿಯದ ದನಿಯಲ್ಲಿ ಹೇಳುತ್ತಾರೆ.

ಪತಂಗಗಳ ಹುಚ್ಚು ಹತ್ತಿದ್ದು 2020ರ ಲಾಕ್‌ಡೌನ್‌ನಲ್ಲಿ. ಬ್ಯಾಂಕಿಗೆ ರಜೆಯಿಲ್ಲ, ಊರೆಲ್ಲ ಬಾಗಿಲು ಹಾಕಿದೆ, ಸಂಜೆ ಮನೆಗೆ ಬಂದರೆ ಹೋಗಲು ಇನ್ನೊಂದು ಜಾಗವಿಲ್ಲ. ಬಾಲ್ಕನಿಯ ಟ್ಯೂಬ್‌ಲೈಟಿನ ಹಿಂದೆ ಬಿಳಿ ಪಂಚೆಯೊಂದನ್ನು ಕಟ್ಟಿದರು. ಅದರ ಮೇಲೆ ಬಂದು ಕೂತ ಹುಳಗಳ ಫೋಟೊ ತೆಗೆದರು. ಭಾರತದಲ್ಲಿ ಚಿಟ್ಟೆಗಳು ಸಾವಿರದ ಮುನ್ನೂರು ಚಿಲ್ಲರೆ ಬಗೆಯಾದರೆ, ಪತಂಗಗಳು ಹತ್ತು ಸಾವಿರಕ್ಕೂ ಮಿಕ್ಕಿ. ಚಿಟ್ಟೆಗಳಿಗೆ ಒಳ್ಳೊಳ್ಳೆಯ ಕೈಪಿಡಿಗಳಿವೆ. ಪತಂಗದ ಬೆನ್ನು ಹತ್ತಿದವನು ಮಾತ್ರ ಇವತ್ತಿಗೂ ನೂರು ವರ್ಷ ಹಿಂದಿನ ಪುಸ್ತಕ ತೆರೆಯಬೇಕು.

ಆ ವರ್ಷದ ಚಳಿಗಾಲದಲ್ಲಿ ಪಂಚೆಯ ಮೇಲೆ ಒಂದು ಹುಳ ಬಂದು ಕೂತಿತು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಸೆಂಟಿಮೀಟರಿಗೆ ತುಸು ಹೆಚ್ಚು. ಮಡಿಚಿ ಕೂತಾಗ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ. ಬಣ್ಣ ಒಣಹುಲ್ಲಿನದು, ಮೇಲೆ ಕಂಡೂ ಕಾಣದಂಥ ಒಂದೆರಡು ಕಂದು ಅಡ್ಡಗೆರೆ. ಹಿಂದಿನ ರೆಕ್ಕೆ ಬಿಳಿ, ಅರೆಪಾರದರ್ಶಕ. ಚುಕ್ಕೆಯಿಲ್ಲ, ಕಣ್ಣಿನ ಗುರುತಿಲ್ಲ, ಹೊಳಪಿಲ್ಲ. ಅದನ್ನು ಮರಳಿನ ಮೇಲೆ ಬಿಟ್ಟರೆ ಮತ್ತೆ ಹುಡುಕಲಾಗದು. ಮರುಭೂಮಿಯ ಗೂಬೆ ಪತಂಗವಿರಬೇಕು ಎಂದು ಅಲ್ಲಿನ ಗೆಳೆಯರು ಅಂದರು. ಗೂಬೆ ಪತಂಗಗಳೆಂದರೆ ನಾಕ್ಟುಯಿಡೆ ಎಂಬ ದೊಡ್ಡ ಕುಟುಂಬ. ಹೊಲದ ಲದ್ದಿ ಹುಳುಗಳಲ್ಲಿ ಬಹುಪಾಲು, ಕಾಯಿಕೊರಕಗಳಲ್ಲಿ ಕೆಲವು ಈ ಕುಟುಂಬದವೇ.

ಇಲ್ಲಿ ಕೆಳಗಿನ ಮಹಡಿಯ ಮಾಸಿಯ ಮಾತು ಬರಬೇಕು. ಅವರು ಜೈನರು. ಚೌವಿಹಾರ ಪಾಲಿಸುವವರು, ಸೂರ್ಯ ಮುಳುಗಿದ ಮೇಲೆ ಒಂದು ಗುಟುಕು ನೀರೂ ಇಲ್ಲ. ದೀಪಕ್ಕೆ ಬಂದ ಹುಳ ಊಟದಲ್ಲಿ ಬಿದ್ದು ಸಾಯಬಾರದು ಎಂಬುದು ಆ ನಿಯಮದ ಹಿಂದಿರುವ ಕಾರಣಗಳಲ್ಲಿ ಒಂದು. ಮೇಲಿನ ಮನೆಯ ಕರ್ನಾಟಕದವರು ಬೇಕೆಂದೇ ದೀಪ ಹಚ್ಚಿ ಹುಳ ಕರೆಯುತ್ತಾರೆಂದು ತಿಳಿದು ಅವರು ಮೆಟ್ಟಿಲು ಹತ್ತಿ ಬಂದರು. ‘ಮಾರಶೋ ನಹೀಂ ನೇ, ಭಾಯಿ?’ ಎಂದು ಕೇಳಿದರು. ಕೊಲ್ಲುವುದಿಲ್ಲ ಅಲ್ಲವೇ? ಇಲ್ಲ ಎಂದು ಇವರು ಮಾತು ಕೊಟ್ಟರು. ಕೊಟ್ಟ ಮೇಲೆ ಅದರ ತೂಕ ಗೊತ್ತಾಯಿತು. ಸಣ್ಣ ಗೂಬೆ ಪತಂಗಗಳಲ್ಲಿ ಎಷ್ಟೋ ಜಾತಿಗಳನ್ನು ಖಚಿತವಾಗಿ ಗುರುತಿಸಲು ತಜ್ಞರು ಹೊಟ್ಟೆಯ ತುದಿಯನ್ನು ಕತ್ತರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮೆತ್ತಗೆ ಮಾಡಿ, ಜನನಾಂಗದ ಗಟ್ಟಿ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೆಕ್ಕೆ ಮೋಸ ಮಾಡಬಹುದು, ಆ ಭಾಗ ಮಾಡುವುದು ಅಪರೂಪ. ಆದರೆ ಆ ದಾರಿ ಇನ್ನು ಇವರಿಗೆ ಬಂದ್.

ಉಳಿದದ್ದು ನೋಡುವ ದಾರಿ. ಮೊದಲ ಪರೀಕ್ಷೆಗೆ ಬೇಕಾದದ್ದು ಒಂದು ಬೀಗದ ಕೈ ಗೊಂಚಲು, ಅದು ಬ್ಯಾಂಕಿನವರ ಬಳಿ ಇದ್ದೇ ಇರುತ್ತದೆ. ಪತಂಗ ಹಾರುತ್ತಿರುವಾಗ ಗೊಂಚಲನ್ನು ಜೋರಾಗಿ ಝಣಝಣ ಅನ್ನಿಸಿದರು. ಅದು ರೆಕ್ಕೆ ಮಡಿಚಿ ದೊಪ್ಪನೆ ನೆಲಕ್ಕೆ ಬಿತ್ತು. ಬೀಗದ ಕೈಗಳ ಸದ್ದಿನಲ್ಲಿ ನಮಗೆ ಕೇಳಿಸದ ಎತ್ತರದ ದನಿಯೂ ಇರುತ್ತದೆ. ಬಾವಲಿ ಬೇಟೆಯಾಡುವಾಗ ಕೂಗುವುದು ಅದೇ ಎತ್ತರದಲ್ಲಿ. ಗೂಬೆ ಪತಂಗಗಳ ಎದೆಯ ಹಿಂಭಾಗದಲ್ಲಿ ಎಡಬಲಕ್ಕೆ ಒಂದೊಂದು ಕಿವಿಯಿದೆ, ಪ್ರತಿ ಕಿವಿಯಲ್ಲಿ ಸದ್ದು ಹಿಡಿಯುವ ನರಕೋಶಗಳು ಎರಡೇ ಎರಡು. ಅಮೆರಿಕದ ಕೆನೆತ್ ರೋಡರ್ ಇದನ್ನು ಕಳೆದ ಶತಮಾನದ ನಡುವಿನಲ್ಲಿ ಅಧ್ಯಯನ ಮಾಡಿ ತೋರಿಸಿದರು. ಎರಡು ಕೋಶ ಇಟ್ಟುಕೊಂಡು ಬಾವಲಿ ದೂರವಿದೆಯೋ ಮೈಮೇಲೆ ಬಂತೋ ಎಂದು ತೀರ್ಮಾನಿಸುವ ಪ್ರಾಣಿಯ ಬಗ್ಗೆ ಗೌರವ ಬರದೆ ಇರುತ್ತದೆಯೇ? ಬಿದ್ದದ್ದರಿಂದ ಹೆಸರೇನೂ ಸಿಗಲಿಲ್ಲ. ಕಿವಿಯಿರುವ ಪತಂಗ ಎಂದಷ್ಟೇ ಖಚಿತವಾಯಿತು.

ಎರಡನೆಯ ಸುಳಿವು ಹಣೆಯದು. ಮರುಭೂಮಿಯ ಎಷ್ಟೋ ಗೂಬೆ ಪತಂಗಗಳು ನೆಲದೊಳಗೆ ಕೋಶವಾಗುತ್ತವೆ. ಒಣಗಿ ಕಲ್ಲಾದ ಮಣ್ಣನ್ನು ಒಡೆದು ಹೊರಬರಲು ಅವುಗಳ ಹಣೆಯ ಮೇಲೆ ಗಟ್ಟಿಯಾದ ಉಬ್ಬೋ ಕೊಂಬೋ ಇರುತ್ತದೆ. ಇವರು ಒಡವೆಯಂಗಡಿಯವರು ಬಳಸುವ ಭೂತಗನ್ನಡಿಯಲ್ಲಿ ನೋಡಿದರು. ಈ ಹುಳದ ಹಣೆ ನುಣುಪು. ಅಂದರೆ ಇದು ಮಣ್ಣು ತೋಡಿ ಬಂದದ್ದಲ್ಲವೇನೋ. ಹಾಗಾದರೆ ಎಲ್ಲಿಂದ ಬಂತು?

ಪುಸ್ತಕಗಳತ್ತ ಹೊರಳಿದರು. ಗುಜರಾತಿನ ಒಣನೆಲದ ಪತಂಗಗಳಿಗೆ ನೆರೆಯ ಸಿಂಧ್ ಪ್ರಾಂತವೇ ಹತ್ತಿರದ ನೆಂಟ. ಸೇನೆಯ ಅಧಿಕಾರಿ ಚಾರ್ಲ್ಸ್ ಸ್ವಿನ್ಹೋ ಕರಾಚಿಯಲ್ಲಿ ಹಿಡಿದ ಚಿಟ್ಟೆ ಪತಂಗಗಳ ಬಗ್ಗೆ 1884ರಲ್ಲೇ ಪ್ರಬಂಧ ಬರೆದಿದ್ದರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದ ಎಂಟು ಮಂದಿಯಲ್ಲಿ ಅವರೂ ಒಬ್ಬರು. ಆಮೇಲೆ ಬಂದವರು ಜಾರ್ಜ್ ಹ್ಯಾಂಪ್ಸನ್. ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ ಈ ಮನುಷ್ಯ, 1892ರಿಂದ 1896ರವರೆಗೆ ಬ್ರಿಟಿಷ್ ಇಂಡಿಯಾದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ಬರೆದರು. ಅವು ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬಣ್ಣದ ಚಿತ್ರವಿಲ್ಲ, ರೆಕ್ಕೆಯ ನರಗಳು ಎಲ್ಲಿ ಕವಲೊಡೆಯುತ್ತವೆ, ಬಾಯಿಯ ಮುಂದಿನ ಮೀಸೆ ಮೇಲಕ್ಕೆ ತಿರುಗಿದೆಯೋ ಮುಂದಕ್ಕೆ ಚಾಚಿದೆಯೋ ಎಂಬ ಒಣ ವಿವರಗಳು. ಸಾಲದ ಕಡತ ಓದಿ ಅಭ್ಯಾಸವಾದವರಿಗೆ ಅದು ಅಷ್ಟೇನೂ ಕಷ್ಟದ್ದಲ್ಲ ಎಂದು ಇವರು ನಗುತ್ತಾರೆ.

ಫೋನಿನ ಆ್ಯಪ್‌ಗಳು ಕೊಟ್ಟ ಉತ್ತರಗಳು ಬೇರೆಯೇ ಲೋಕದವು. ಅದೇ ಹುಳದ ಮೂರು ಫೋಟೊಗಳಿಗೆ ಮೂರು ಹೆಸರು ಬಂದವು. ಚಿತ್ರಕ್ಕೆ ಚಿತ್ರ ಹೋಲಿಸುವ ಯಂತ್ರಕ್ಕೆ ಚಿತ್ತಾರವೇ ಇಲ್ಲದ ರೆಕ್ಕೆ ಸಿಕ್ಕರೆ ಅದು ತಾನೇ ಏನು ಮಾಡೀತು? ಇವರು ಹೆಸರಿನ ಜಾಗವನ್ನು ಖಾಲಿ ಬಿಟ್ಟು, ತಾರೀಕು, ಜಾಗ, ಅಳತೆ ಬರೆದಿಟ್ಟರು.

2021ರ ಮಳೆಗಾಲಕ್ಕೆ ಮುಂಚೆ ವಡೋದರಾಕ್ಕೆ ವರ್ಗ. ಎಕ್ಸ್‌ಪ್ರೆಸ್‌ವೇಯಲ್ಲಿ ನೂರು ಕಿಲೋಮೀಟರಿನ ಆಸುಪಾಸು, ಆದರೆ ಹಸಿರಿನಲ್ಲಿ ಅಜಗಜಾಂತರ. ಊರಿನ ನಡುವೆ ಹರಿಯುವ ವಿಶ್ವಾಮಿತ್ರಿಯಲ್ಲಿ ಮೊಸಳೆಗಳು. ಮಳೆ ಜೋರಾದರೆ ಅವು ಬಡಾವಣೆಗೂ ಬರುತ್ತವೆ. ರಜೆಯ ದಿನ ನೋಡಲು ಸಯಾಜಿ ಬಾಗ್‌ನ ಮ್ಯೂಸಿಯಂ ಇದೆ, ಅದರಲ್ಲಿ ಮಹಿ ನದಿಯ ಮುಖಕ್ಕೆ 1944ರಲ್ಲಿ ಬಂದು ಬಿದ್ದ ನೀಲಿ ತಿಮಿಂಗಿಲದ ಅಸ್ಥಿಪಂಜರವಿದೆ. ಎರಡು ಸೆಂಟಿಮೀಟರಿನ ಹುಳದ ಹಿಂದೆ ಬಿದ್ದವರು ಅದರ ಮುಂದೆ ಬಹಳ ಹೊತ್ತು ನಿಂತರಂತೆ.

ವಡೋದರಾದಿಂದ ಪೂರ್ವಕ್ಕೆ ಹೋದರೆ ಸಂಖೇಡಾ. ತೇಗದ ಮರಕ್ಕೆ ಅರಗು ಹಚ್ಚಿ ಮಾಡುವ ಅಲ್ಲಿನ ಪೀಠೋಪಕರಣ ಗುಜರಾತಿನ ಮದುವೆ ಮನೆಗಳಲ್ಲಿ ಹೆಸರುವಾಸಿ, ನಮ್ಮ ಚನ್ನಪಟ್ಟಣದ ಬೊಂಬೆಗಳ ದಾಯಾದಿ ಅನ್ನಬಹುದು. ಆ ಅರಗಿಗೂ ಪತಂಗಕ್ಕೂ ಹಳೆಯ ವೈರ. ಯೂಬ್ಲೆಮ್ಮಾ ಅಮಾಬಿಲಿಸ್ ಎಂಬ ಪುಟ್ಟ ಪತಂಗದ ಮರಿ ಎಲೆ ತಿನ್ನುವುದಿಲ್ಲ, ಅರಗಿನ ಕೀಟವನ್ನೇ ತಿನ್ನುತ್ತದೆ. ಒಂದೊಂದು ಮರಿ ನಲವತ್ತಕ್ಕೂ ಹೆಚ್ಚು ಅರಗು ಗೂಡುಗಳನ್ನು ಖಾಲಿ ಮಾಡಬಲ್ಲದು. ರಾಂಚಿಯ ನಾಮ್‌ಕುಮ್‌ನಲ್ಲಿ 1924ರಲ್ಲಿ ಶುರುವಾದ ಅರಗು ಸಂಶೋಧನಾ ಸಂಸ್ಥೆ ಇಂಥ ಶತ್ರುಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ. ಒಣನಾಡಿನ ದೀಪಕ್ಕೆ ಬರುವ ಪುಟಾಣಿಗಳಲ್ಲಿ ಈ ಯೂಬ್ಲೆಮ್ಮಾ ಬಳಗದವು ಬೇಕಾದಷ್ಟು. ಅವನ್ನೂ ಗೂಬೆ ಪತಂಗಗಳೆಂದೇ ಕರೆಯುತ್ತಿದ್ದರು. 2011ರ ಸುಮಾರಿಗೆ ಡಿಎನ್ಎ ಆಧಾರದ ಹೊಸ ವರ್ಗೀಕರಣ ಬಂದು ಅವು ಎರೆಬಿಡೆ ಎಂಬ ಬೇರೆ ಮನೆಗೆ ಹೋದವು. ಹೆಸರಿನ ಜೊತೆಗೆ ಮನೆತನವೂ ಬದಲಾಗುವ ಪ್ರಪಂಚ ಇದು.

ಮುಖ್ಯ ಸಂಗತಿ ನಡೆದದ್ದು ವಡೋದರಾದ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಪಕ್ಕ. ಅಲ್ಲಿ ತುತ್ತಿ ಗಿಡಗಳು ಪೊದೆಯಾಗಿ ಬೆಳೆದಿದ್ದವು. ಹಳದಿ ಹೂ, ಸುತ್ತಲೂ ಹಲ್ಲು ಜೋಡಿಸಿಟ್ಟಂಥ ಕಾಯಿ. ಹತ್ತಿ, ಬೆಂಡೆ, ದಾಸವಾಳದ ಕುಲವೇ. ಆ ಮಳೆಗಾಲದಲ್ಲಿ ದೀಪಕ್ಕೆ ಒಂದು ತಿಳಿಹಸಿರು ಪತಂಗ ಬರುತ್ತಿತ್ತು. ಗಾತ್ರ ಅದೇ, ಕೂರುವ ಭಂಗಿ ಅದೇ, ಹಿಂದಿನ ರೆಕ್ಕೆ ಅದೇ ಬಿಳಿ. ಬಣ್ಣ ಮಾತ್ರ ಬೇರೆ. ಒಂದು ಭಾನುವಾರ ತುತ್ತಿಯ ಕಾಯಿಯೊಂದರಲ್ಲಿ ಸಣ್ಣ ತೂತು ಕಂಡಿತು, ತೂತಿನ ಬಾಯಲ್ಲಿ ಹಿಕ್ಕೆ. ಬಿಡಿಸಿದರೆ ಒಳಗೊಂದು ಹುಳ. ಬೂದು ಮಿಶ್ರಿತ ಕಂದು ಮೈ, ಎದೆಯ ಭಾಗದಲ್ಲಿ ಕಿತ್ತಳೆ ಚುಕ್ಕೆ, ಮೈತುಂಬ ಬೆರಳಿನಂಥ ಮೆತ್ತನೆಯ ಮುಳ್ಳುಗಳು.

ಕೀಟವನ್ನು ಹಿಡಿದು ಚುಚ್ಚಿಡುವುದಕ್ಕಿಂತ ಮರಿಯಿಂದ ಸಾಕಿ ನೋಡುವುದು ಮೇಲು ಎಂಬ ಪಾಠಕ್ಕೆ ಕನ್ನಡ ನೆಲದಲ್ಲೇ ದೊಡ್ಡ ಪರಂಪರೆಯಿದೆ. ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್. ಬೆಲ್, ಕಲೆಕ್ಟರ್ ಡೇವಿಡ್ಸನ್, ಉಪ್ಪು ಮತ್ತು ಕಸ್ಟಮ್ಸ್ ಇಲಾಖೆಯ ಇ.ಎಚ್. ಏಟ್ಕನ್, ಈ ಮೂವರು 1890ರ ದಶಕದಲ್ಲಿ ಮರಿಗಳನ್ನು ಹುಡುಕಿ, ಅವು ತಿನ್ನುವ ಗಿಡ ಗುರುತಿಸಿ, ಸಾಕಿ, ಆ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದರು. ಏಟ್ಕನ್ನರೂ ಸ್ವಿನ್ಹೋ ಜೊತೆ ಬಾಂಬೆ ಸೊಸೈಟಿ ಕಟ್ಟಿದ ಎಂಟು ಮಂದಿಯಲ್ಲಿದ್ದವರು. ಬೆಲ್ ನಿವೃತ್ತಿಯಾದ ಮೇಲೂ ಕಾರವಾರ ಬಿಡಲಿಲ್ಲ, 1937ರಲ್ಲಿ ಎಫ್.ಬಿ. ಸ್ಕಾಟ್ ಜೊತೆಗೂಡಿ ಹಾಕ್ ಪತಂಗಗಳ ಸಂಪುಟ ತಂದರು, 1948ರಲ್ಲಿ ಕಾರವಾರದಲ್ಲೇ ತೀರಿಕೊಂಡರು. ಆ ಸಂಪುಟದ ಬೆಲೆ ಇರುವುದೇ ಮರಿಗಳ ವರ್ಣನೆಯಲ್ಲಿ. ಕಾರವಾರದಲ್ಲಿ ಅವರ ಹೆಸರು ಗೊತ್ತಿರುವವರು ಎಷ್ಟು ಮಂದಿ ಎಂದು ಮಾತ್ರ ಕೇಳಬಾರದು.

ಮಾಸಿಗೆ ಕೊಟ್ಟ ಮಾತಿಗೂ ಬೆಲ್ ಹಾಕಿದ ದಾರಿಗೂ ಹೀಗೆ ಹೊಂದಿಕೆಯಾಯಿತು. ಹಳೆಯ ಸ್ಟೀಲ್ ಊಟದ ಡಬ್ಬಿಗೆ ತೆಳು ಬಟ್ಟೆ ಕಟ್ಟಿ ಮರಿಗಳನ್ನು ಇಟ್ಟರು. ದಿನಾ ಎಳೆಯ ತುತ್ತಿ ಕಾಯಿ. ‘ಊಟದ ಡಬ್ಬ್ಯಾಗ ಹುಳ ಸಾಕ್ತೀರೇನ್ರಿ? ನಾಳೆ ಅದರಾಗ ರೊಟ್ಟಿ ಕಟ್ಟಿ ಕೊಡ್ಲೇನು?’ ಎಂದು ಮನೆಯವರು ಕೇಳಿದರು. ಕೇಳಿದವರೇ ಮರುದಿನ ಒಣಗಿದ ಕಾಯಿ ತೆಗೆದು ಹೊಸದು ಹಾಕಿದರು.

ಗೂಡು ಕಟ್ಟುವುದನ್ನು ಇಬ್ಬರೂ ಕೂತು ನೋಡಿದರು. ಮರಿ ಡಬ್ಬಿಯ ಗೋಡೆಗೆ ತನ್ನ ಎಡಬಲಕ್ಕೆ ರೇಷ್ಮೆಯ ಎರಡು ಗೋಡೆಗಳನ್ನು ನೇಯ್ದಿತು. ಅವು ಒಂದು ಎತ್ತರಕ್ಕೆ ಬಂದ ಮೇಲೆ ಒಳಗಿನಿಂದಲೇ ಎರಡನ್ನೂ ಎಳೆದು ಮೇಲೆ ಕೂಡಿಸಿತು. ಕೆಲಸ ಮುಗಿದಾಗ ಅಲ್ಲಿದ್ದದ್ದು ಕವುಚಿ ಹಾಕಿದ ಪುಟ್ಟ ದೋಣಿ, ಮಾಸಲು ಬಿಳಿ ಬಣ್ಣದ್ದು. ಪತಂಗ ಹೊರಬರಲು ಒಂದು ತುದಿಯಲ್ಲಿ ನೆಟ್ಟಗೆ ಸೀಳಿದ ಬಾಗಿಲು. ನಾಕ್ಟುಯಿಡೆಯ ದಾಯಾದಿಯಾದ ನೋಲಿಡೆ ಕುಟುಂಬದ ಗುರುತು ಇಂಥ ದೋಣಿಗೂಡು. ಹಣೆ ಯಾಕೆ ನುಣುಪಾಗಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು. ಗಿಡದ ಮೇಲೆಯೇ ಗೂಡು ಕಟ್ಟಿ, ಬಾಗಿಲು ಬಿಟ್ಟುಕೊಂಡ ಹುಳಕ್ಕೆ ಮಣ್ಣು ಒಡೆಯುವ ಕೊಂಬೇಕೆ?

ಸೆಪ್ಟೆಂಬರಿನಲ್ಲಿ ಗೂಡಿನಿಂದ ಬಂದವು ಹಸಿರು. ಅದೇ ಪೊದೆಯಿಂದ ಚಳಿಗಾಲದಲ್ಲಿ ತಂದ ಮರಿಗಳನ್ನು ಬಾಲ್ಕನಿಯ ತಂಪಿನಲ್ಲಿ ಇಟ್ಟು ಸಾಕಿದರು. ಅವು ಬಹಳ ದಿನ ಗೂಡಿನೊಳಗೇ ಇದ್ದವು. ಹೊರಬಂದಾಗ ಬಣ್ಣ ಒಣಹುಲ್ಲಿನದು. ಅಹಮದಾಬಾದಿನ ಪಂಚೆಯ ಮೇಲೆ ಕೂತಿದ್ದ ಅದೇ ಹುಳ.

ಏರಿಯಾಸ್ ಇನ್ಸುಲಾನಾ. ಸೆಕೆಯಲ್ಲಿ ಹಸಿರು, ಚಳಿಯಲ್ಲಿ ಒಣಹುಲ್ಲಿನ ಬಣ್ಣ ಅಥವಾ ಕಂದು. ಒಂದೇ ಜಾತಿ, ಹವೆಗೆ ತಕ್ಕಂತೆ ಉಡುಪು. ಫ್ರಾನ್ಸಿನ ಬುವಾದುವಾಲ್ 1833ರಲ್ಲಿ ಮಡಗಾಸ್ಕರ್ ಮತ್ತು ಅದರ ಸುತ್ತಲಿನ ದ್ವೀಪಗಳ ಕೀಟಗಳ ಬಗ್ಗೆ ಬರೆದಾಗ ಇದಕ್ಕೆ ಹೆಸರಿಟ್ಟದ್ದು. ಆಫ್ರಿಕಾದಿಂದ ಮೆಡಿಟರೇನಿಯನ್, ಅರಬ್ ದೇಶಗಳು, ಸಿಂಧ್, ರಾಜಸ್ಥಾನ, ಗುಜರಾತ್ ಎಂದು ಒಣಹವೆಯ ದಾರಿಯುದ್ದಕ್ಕೂ ಇದೆ. ಕೃಷಿ ವಿಶ್ವವಿದ್ಯಾಲಯವೊಂದರ ಕೀಟತಜ್ಞರಿಗೆ ಮರಿ, ಗೂಡು, ಎರಡು ಬಣ್ಣದ ಪತಂಗಗಳ ಫೋಟೊ ಕಳಿಸಿದರು. ‘ಹೌದು, ಮುಳ್ಳು ಕಾಯಿಕೊರಕ’ ಎಂದು ಒಂದೇ ಸಾಲಿನ ಉತ್ತರ ಬಂತು.

ಕಾಯಿಕೊರಕ ಅಂದ ಕೂಡಲೇ ಹೊಲ ನೆನಪಾಯಿತು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕತರಕಿ ಅವರು ವರಲಕ್ಷ್ಮಿ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೆಳೆಗೆ ತಂದ ಮೊದಲ ಹೈಬ್ರಿಡ್ ಅದು. ಜಯಧರ ಹತ್ತಿ ಬೆಳೆಯುತ್ತಿದ್ದ ಹಾವೇರಿ, ರಾಣೆಬೆನ್ನೂರು, ಗದಗ ಕಡೆಯ ರೈತರು ಅದರ ನೀಳ ಎಳೆಗೆ, ಅದು ತರುತ್ತಿದ್ದ ರೊಕ್ಕಕ್ಕೆ ಮನಸೋತರು. ಇವರ ಅಪ್ಪನೂ ಬೆಳೆದರು. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ‘ಕ್ರಾಸಿಂಗ್’ ಅಂದರೆ ಮಕ್ಕಳಿಗೂ ಗೊತ್ತು. ಸಂಜೆ ಮೊಗ್ಗಿನ ಕೇಸರ ಬಿಡಿಸುವುದು, ಬೆಳಿಗ್ಗೆ ಇನ್ನೊಂದು ಗಿಡದ ಹೂ ತಂದು ಮುಟ್ಟಿಸುವುದು, ಗುರುತಿಗೆ ದಾರ ಕಟ್ಟುವುದು. ಆ ಹೈಬ್ರಿಡ್‌ಗಳ ಜೊತೆಗೇ ಹುಳದ ಕಾಟವೂ ಔಷಧಿ ಹೊಡೆಯುವುದೂ ಏರಿತು. ಸಸಿಗಳ ತುದಿ ಬಾಡಿ ಜೋತುಬಿದ್ದರೆ ಅಪ್ಪ ಆ ಕುಡಿಯನ್ನು ಉಗುರಿನಲ್ಲಿ ಚಿವುಟಿ, ನೆಲಕ್ಕೆ ಹಾಕಿ, ಹೊಸಕುತ್ತಿದ್ದರು. ಕುಡಿಯೊಳಗೆ ಏರಿಯಾಸ್ ಮರಿ ಇರುತ್ತಿತ್ತು. ಮೊಗ್ಗು ಬಂದ ಮೇಲೆ ಅದು ಮೊಗ್ಗಿಗೆ ಹೋಗುತ್ತದೆ, ಆಮೇಲೆ ಕಾಯಿಗೆ.

ಊರಿನಲ್ಲಿರುವ ಅಣ್ಣನಿಗೆ ವಾಟ್ಸಾಪಿನಲ್ಲಿ ಫೋಟೊ ಹೋಯಿತು. ತಕ್ಷಣ ಫೋನ್. ‘ತಮ್ಮಾ, ಇದು ನಮ್ಮ ಹತ್ತ್ಯಾಗಿನ ಹುಳ ಅಲ್ಲೇನೋ? ಇದರ ಹೆಸರ ಹುಡುಕಾಕ ಗುಜರಾತಿಗೆ ಹೋಗಬೇಕಾಗಿತ್ತಾ?’ ಹೊಲದವರಿಗೆ ಹುಳ ಗೊತ್ತು, ದೀಪದವರಿಗೆ ಪತಂಗ ಗೊತ್ತು. ಎರಡೂ ಒಂದೇ ಪ್ರಾಣಿಯೆಂದು ಒಂದೇ ಮನೆಯ ಇಬ್ಬರು ತಿಳಿಯಲು ಸಾಕಿ ನೋಡಬೇಕಾಯಿತು.

ಆದರೂ ಅಣ್ಣನ ಮಾತು ಪೂರ್ತಿ ಸರಿಯಲ್ಲ ಎಂದು ಸುರತ್‌ನಲ್ಲಿ ಗೊತ್ತಾಯಿತು. ಅಹಮದಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ತಾಪಿ ನದಿಯ ದಡದ ಸುರತ್‌ನಲ್ಲಿ 1,200ರ ಆಸುಪಾಸು. 2023ರಲ್ಲಿ ಅಲ್ಲಿಗೆ ಹೋದ ಮೇಲೆ ಅಡಾಜಣ್‌ನ ಅಡುಗೆಮನೆಯಲ್ಲಿ ಪಲ್ಯಕ್ಕೆ ಬೆಂಡೆಕಾಯಿ ಹೆಚ್ಚುವಾಗ ಮನೆಯವರೇ ಕೂಗಿದರು: ‘ಬರ್ರಿ ಇಲ್ಲಿ, ನಿಮ್ಮ ನೆಂಟ ಬಂದಾನ.’ ಬೆಂಡೆಯೊಳಗಿನ ಮರಿಗೆ ಚುಕ್ಕೆಗಳಿದ್ದವು, ಉದ್ದ ಮುಳ್ಳುಗಳಿರಲಿಲ್ಲ. ಸಾಕಿದರು. ಬಂದ ಪತಂಗದ ರೆಕ್ಕೆ ಕೆನೆ ಬಿಳಿ, ನಡುವೆ ಬುಡದಿಂದ ಅಂಚಿನವರೆಗೆ ಅಗಲವಾಗುತ್ತ ಹೋಗುವ ಒಂದೇ ಒಂದು ಹಸಿರು ಪಟ್ಟಿ. ಏರಿಯಾಸ್ ವಿಟ್ಟೆಲ್ಲಾ, ಚುಕ್ಕೆ ಕಾಯಿಕೊರಕ. ಹಳೆಯ ಪುಸ್ತಕಗಳಲ್ಲಿ ಇದೇ ಫೇಬಿಯಾ. ಆ ಹೆಸರು ಗೊತ್ತಿಲ್ಲದವನು ಹಳೆಯ ದಾಖಲೆಗಳನ್ನು ಎಷ್ಟು ತಿರುವಿದರೂ ವಿಟ್ಟೆಲ್ಲಾ ಸಿಗುವುದಿಲ್ಲ. ಬಿಸಿಲು ಹೆಚ್ಚು ಮಳೆ ಕಡಿಮೆ ಇರುವಲ್ಲಿ ಇನ್ಸುಲಾನಾದ್ದು ಮೇಲುಗೈ, ಮಳೆಯ ನಾಡಿನಲ್ಲಿ ವಿಟ್ಟೆಲ್ಲಾದ್ದು. ಅಪ್ಪ ಹೊಸಕಿದ ಮರಿಗಳು ಈ ಎರಡರಲ್ಲಿ ಯಾವವು ಎಂದು ಅಣ್ಣತಮ್ಮಂದಿರ ನಡುವೆ ಈಗಲೂ ಚರ್ಚೆ ನಡೆಯುತ್ತದೆ. ಅಣ್ಣನಿಗೆ ಅದು ಬರೀ ‘ಹುಳ’. ಹೊಡೆಯುವ ಔಷಧಿಗೂ ಅಷ್ಟೇ.

ಸುರತ್‌ನಲ್ಲಿ ಅವರ ಓಡಾಟದ ದಾರಿಯಲ್ಲೇ ಅಠ್ವಾ ಫಾರ್ಮ್, ಅಲ್ಲಿನ ಮುಖ್ಯ ಹತ್ತಿ ಸಂಶೋಧನಾ ಕೇಂದ್ರ. ವರಲಕ್ಷ್ಮಿಗೂ ಎರಡು ವರ್ಷ ಮೊದಲು, 1970ರಲ್ಲಿ, ಸಿ.ಟಿ. ಪಟೇಲ್ ಅವರು ಹೈಬ್ರಿಡ್-4 ತಂದದ್ದು ಆ ಕೇಂದ್ರದಿಂದ. ವಾಣಿಜ್ಯ ಬೆಳೆಯಾಗಿ ಗೆದ್ದ ಜಗತ್ತಿನ ಮೊದಲ ಹತ್ತಿ ಹೈಬ್ರಿಡ್ ಅದು. ಧಾರವಾಡದವರು ವರಲಕ್ಷ್ಮಿಯ ಬಗ್ಗೆ ಮಾತಾಡುವ ಹೆಮ್ಮೆಯಲ್ಲೇ ಸುರತ್‌ನವರು ಇದರ ಬಗ್ಗೆ ಮಾತಾಡುತ್ತಾರೆ. 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲೆ ಹತ್ತಿ ಹೊಲದಲ್ಲಿ ಏರಿಯಾಸ್ ಹಾವಳಿ ಇಳಿಯಿತು. ಹತ್ತಿಯ ಇನ್ನೊಂದು ಶತ್ರು ಗುಲಾಬಿ ಕಾಯಿಕೊರಕ ಮಾತ್ರ ಬಿಟಿ ವಿಷಕ್ಕೂ ಪಳಗಿತು, ಅದೂ ಮೊದಲು ಸುದ್ದಿಯಾದದ್ದು ಗುಜರಾತಿನ ಸೌರಾಷ್ಟ್ರದ ಕಡೆಯಿಂದ. ಏರಿಯಾಸ್‌ಗೆ ಈಗ ಮುಖ್ಯ ಆಸರೆ ಬೆಂಡೆ ಮತ್ತು ತುತ್ತಿಯಂಥ ಕಾಡುಗಿಡ.

ಇಷ್ಟು ಸಣ್ಣ ಹುಳದ ಹೆಸರಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಬ್ಯಾಂಕಿನ ಸಹೋದ್ಯೋಗಿಗಳು ಕೇಳುವುದುಂಟು. ಇವರು ಶಿವಮೊಗ್ಗದ ಉದಾಹರಣೆ ಕೊಡುತ್ತಾರೆ. 2018ರ ಮೇ ತಿಂಗಳಲ್ಲಿ ಅಲ್ಲಿನ ಮೆಕ್ಕೆಜೋಳದ ಸುಳಿಯಲ್ಲಿ ಒಂದು ಲದ್ದಿ ಹುಳು ಕಂಡಿತು. ಹಳೆಯ ಲದ್ದಿ ಹುಳುವೇ ಎಂದು ಬಿಟ್ಟುಬಿಡಬಹುದಿತ್ತು. ಕೃಷಿ ಕಾಲೇಜಿನ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಬಿಡಲಿಲ್ಲ. ತಲೆಯ ಮೇಲೆ ತಿರುಗುಮುರುಗಾದ ಇಂಗ್ಲಿಷ್ ‘ವೈ’ ಗುರುತು, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕೆ. ಪತಂಗದ ಜನನಾಂಗವನ್ನೂ ನೋಡಿದರು, ಡಿಎನ್ಎಯನ್ನೂ ಓದಿಸಿದರು. ಅಮೆರಿಕ ಮೂಲದ ಸ್ಪೊಡೊಪ್ಟೆರಾ ಫ್ರುಜಿಪರ್ಡಾ ಎಂಬ ಸೈನಿಕ ಹುಳು ಭಾರತಕ್ಕೆ, ಇಡೀ ಏಷ್ಯಾಕ್ಕೇ, ಕಾಲಿಟ್ಟದ್ದು ಜಗತ್ತಿಗೆ ತಿಳಿದದ್ದು ಹಾಗೆ. ಆ ವರ್ಷ ಮುಗಿಯುವುದರೊಳಗೆ ಅದು ಗುಜರಾತಿನ ಮೆಕ್ಕೆಜೋಳದ ಹೊಲಗಳಲ್ಲೂ ಇತ್ತು. ಅದು ಗೂಬೆ ಪತಂಗ, ಅದರ ಬಣ್ಣವೂ ಮಣ್ಣಿನದೇ.

ಡಿಎನ್ಎ ಓದಿಸುವ ಸೌಕರ್ಯ ಈಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆಗಳಲ್ಲಿ ಇದೆ. ಒಂದೇ ಜೀನಿನ 658 ಅಕ್ಷರಗಳ ತುಣುಕು ಓದಿ ಜಾತಿ ಹೇಳಬಹುದು. ಆದರೆ ಆ ಅಕ್ಷರಗಳು ಹುಳ ಯಾವ ಗಿಡದಲ್ಲಿತ್ತು, ಗೂಡು ಹೇಗೆ ಕಟ್ಟಿತು, ಯಾವ ತಿಂಗಳಲ್ಲಿ ಬಣ್ಣ ಬದಲಿಸಿತು ಎಂದು ಹೇಳುವುದಿಲ್ಲ. ಅದಕ್ಕೆ ಊಟದ ಡಬ್ಬಿಯೇ ಬೇಕು. ಇವರ ಈ ಹಟ ಸ್ವಲ್ಪ ಅತಿಯಾಯಿತು ಎಂದು ತಜ್ಞರಿಗೆ ಅನ್ನಿಸಬಹುದು. ಏರಿಯಾಸ್ ಮಟ್ಟಿಗಂತೂ ಅದು ಫಲ ಕೊಟ್ಟಿದೆ.

ಕರ್ನಾಟಕದಲ್ಲಿ ಪತಂಗ ನೋಡುವವರು ಬಿಳಿ ಬಟ್ಟೆ ಹೆಚ್ಚಾಗಿ ಕಟ್ಟುವುದು ಕೊಡಗು, ಆಗುಂಬೆ, ದಾಂಡೇಲಿಗಳಲ್ಲಿ. ಬಣ್ಣದವು, ದೊಡ್ಡವು ಅಲ್ಲಿವೆ, ನಿಜ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿ, ಕಲಬುರಗಿಯ ಬಯಲಿನಲ್ಲಿ ದೀಪಕ್ಕೆ ಬರುವ ಮಣ್ಣುಬಣ್ಣದ ಪುಟಾಣಿಗಳ ಲೆಕ್ಕ ಇಟ್ಟವರು ತೀರ ಕಡಿಮೆ. ಹತ್ತಿ, ತೊಗರಿ, ಜೋಳದ ಆ ಸೀಮೆಯಲ್ಲಿ ಇರುವ ಓದುಗರು ಈ ಚಳಿಗಾಲದಲ್ಲಿ ಅಂಗಳದ ದೀಪದ ಹಿಂದೆ ಒಂದು ಬಿಳಿ ಪಂಚೆ ಕಟ್ಟಿ ನೋಡಬೇಕು. ಬಂದ ಹುಳದ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ತಾರೀಕು, ಊರು ಬರೆದಿಡಿ. ಬೆಂಡೆಯಲ್ಲೋ ತುತ್ತಿಯಲ್ಲೋ ಮರಿ ಸಿಕ್ಕರೆ ಎಸೆಯುವ ಮೊದಲು ಒಂದೆರಡನ್ನು ಡಬ್ಬಿಯಲ್ಲಿ ಇಟ್ಟು ಸಾಕಿ, ಯಾವ ಗಿಡದ್ದು ಎಂಬುದನ್ನು ಮರೆಯದೆ ಬರೆಯಿರಿ. ಹೆಸರು ಗೊತ್ತಾಗದಿದ್ದರೆ ಆ ಜಾಗ ಖಾಲಿ ಇರಲಿ.